ಗಾಂಧಾರಿಯ ಪ್ಲೇಟು

ಹಿಂದಿನ ಸಂಚಿಕೆಯಲ್ಲಿ ಲೋಕಲ್ ಗಾಡಿಯ ನಾಲ್ಕನೆಯ ಸೀಟಿನ ಪುರಾಣ ಬರೆದಿದ್ದೆ. ಅದನ್ನೋದಿದ ಕಲ್ಯಾಣದ ವಾಚಕ ಭಗಿನಿಯೊಬ್ಬರು, "ಮುಂದಿನ ಸಲವಾದರೂ ಗಾಡಿ ಇಳಿದು ಮನೆಗೆ ಬನ್ನಿ" ಎಂದು ತಿಳಿಸಿದ್ದಾರೆ. ಅಪ್ಪಣೆಯಂತೆ ಇಳಿದಿದ್ದೇನೆ. ಆದರೆ ಹೋಗುವುದು ನನ್ನ ಮನೆಗಲ್ಲ, ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಮಾಮಾ ಅವರ ಮನೆಗೆ.

ಮಾಮಾ ನನಗೆ ರಕ್ತಸಂಬಂಧಿಗಳೇನಲ್ಲ. ಹುಬ್ಬಳ್ಳಿಯವರು, ರೈಲ್ವೆ ನೌಕರಿಗೆಂದು ಇತ್ತ ಬಂದವರು, ಈಗ ಎಂಬತ್ತಾರು ವರ್ಷ. ಅವರ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವುದೆಂದು ನಿಶ್ಚಯವಾಯಿತು. ರೀಡೆವಲಪ್‌ಮೆಂಟ್ ಎಂಬ ಶಬ್ದ ನಮ್ಮೂರಿನಲ್ಲಿ ಈಗ ಹಾಲು ತರುವ ಹುಡುಗನಿಗೂ ಗೊತ್ತು. ಪುಣೆಯಲ್ಲಿರುವ ಮಗ ಬಂದು, ಅಟ್ಟದ ಮೇಲಿನದೆಲ್ಲ ರದ್ದಿಯವನಿಗೆ ಎಂದು ತೀರ್ಪು ಕೊಟ್ಟ. ಅದರಲ್ಲಿ ಒಂದು ತಗಡಿನ ಟ್ರಂಕು. ಟ್ರಂಕಿನಲ್ಲಿ ಕೈಯಿಂದ ಕೀಲಿ ಕೊಡುವ ಒಂದು ಹಿಜ್ ಮಾಸ್ಟರ್ಸ್ ವಾಯ್ಸ್ ಗ್ರಾಮಫೋನು, ಏಳು ಪ್ಲೇಟು. ಎಲ್ಲ ಮಾಮಾ ಅವರ ತಂದೆಯ ಕಾಲದ್ದು, ಒಂದನ್ನು ಬಿಟ್ಟು.

"ತಗೊಂಡು ಹೋಗೋ ತಮ್ಮಾ," ಎಂದರು ಮಾಮಾ. "ರದ್ದಿಯಾಂವ ತೂಕದ ಲೆಕ್ಕಾ ಹಾಕತಾನ. ನೀ ಏನರೆ ಹಾಡಿನ ಲೆಕ್ಕಾ ಹಾಕ್ತಿ."

ನಾನು ಹಾಕಿದ ಲೆಕ್ಕ ಕೇಳಿ. ಏಳೂ ಪ್ಲೇಟುಗಳನ್ನು ಕಾಯಿಪಲ್ಲೆಯ ಚೀಲದಲ್ಲಿಟ್ಟುಕೊಂಡು, ಸಂಜೆ ಏಳರ ಗದ್ದಲದಲ್ಲಿ ಸ್ಟೇಷನ್ ಸೇತುವೆ ಹತ್ತಿ ಪಶ್ಚಿಮಕ್ಕೆ ಹೊರಟೆ. ಯಾರದೋ ಊಟದ ಡಬ್ಬಿ ಚೀಲಕ್ಕೆ ಬಡಿಯಿತು. 'ಟಕ್' ಎಂದಿತು. ಮನೆಗೆ ಬಂದು ನೋಡಿದರೆ ಒಂದು ಪ್ಲೇಟು ಮೂರು ತುಂಡು. ನಡುವಿನ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ 'ಗಾಂಧಾರಿ' ಎಂದಿತ್ತು. ಅದೇ ಹೆಸರಿನ ಇನ್ನೊಂದು ಪ್ಲೇಟು ಸುರಕ್ಷಿತವಾಗಿತ್ತು, ಮಲ್ಲಿಕಾರ್ಜುನ ಮನ್ಸೂರರದೂ ಸುರಕ್ಷಿತವಾಗಿತ್ತು. "ಯಾರೋ ಗಾಂಧಾರಿಯಂತೆ, ಹೋಗಲಿ. ಸದ್ಯ ಮನ್ಸೂರರದು ಉಳಿಯಿತಲ್ಲ!" ಎಂದೆ. ನನ್ನಾಕೆ ಏನೂ ಹೇಳದೆ ತುಂಡುಗಳನ್ನು ವರ್ತಮಾನಪತ್ರಿಕೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು. ಆಕೆ ಎಸೆಯಲಿಲ್ಲವೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ದಾಖಲು ಮಾಡುತ್ತೇನೆ.

ಮರುದಿನ ಕಛೇರಿಯಲ್ಲಿ ಚಹದ ಹೊತ್ತಿಗೆ ಈ ಕಥೆ ಹೇಳಿದೆ. ನನ್ನ ಪಕ್ಕದ ಮೇಜಿನವರು ಮರಾಠಿಗರು, ಹಳೆಯ ಭಾವಗೀತೆಗಳ ಹುಚ್ಚಿನವರು. ಕೈಯಲ್ಲಿದ್ದ ಕಪ್ಪು ಕೆಳಗಿಟ್ಟು, "ಗಾಂಧಾರಿಯ ತಬಕಡಿ ಮುರಿದಿರಾ? ಅಹೋ, ಗಾಂಧಾರಿ ಎಂದರೆ ನಿಮ್ಮ ಗಂಗೂಬಾಯಿ ಹಾನಗಲ್ ಅಲ್ಲವೇ!" ಎಂದರು. ಆ 'ನಿಮ್ಮ' ಎಂಬ ಶಬ್ದ ಸಂಜೆಯವರೆಗೂ ಚುಚ್ಚುತ್ತಿತ್ತು. ಧಾರವಾಡ ಜಿಲ್ಲೆಯ ಹುಡುಗ ನಾನು. ನನ್ನೂರಿನ ಹೆಣ್ಣುಮಗಳ ಹೆಸರನ್ನು ನನಗೆ ಮರಾಠಿಯವರು ಹೇಳಿಕೊಡಬೇಕಾಯಿತು.

ಸಂಗತಿ ನಿಜ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರು ಮೂವತ್ತರ ದಶಕದ ಮೊದಲಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನವರಿದ್ದಾಗ, ಮುಂಬಯಿಗೆ ಬಂದು ಹಿಜ್ ಮಾಸ್ಟರ್ಸ್ ವಾಯ್ಸ್ ಕಂಪನಿಗೆ ಹಾಡಿದರು. ಆ ಪ್ಲೇಟುಗಳ ಮೇಲೆ ಹೆಸರು ಗಾಂಧಾರಿ. ಜಿ. ಎನ್. ಜೋಶಿಯವರ ಜೊತೆಗೆ ಮರಾಠಿ ಯುಗಳಗೀತೆಯನ್ನೂ ಹಾಡಿದ್ದಾರೆ. ನನ್ನ ಮಿತ್ರರಿಗೆ ಗುರುತು ಸಿಕ್ಕಿದ್ದು ಅದರಿಂದಲೇ. ಈ ಜೋಶಿಯವರು ವಕೀಲಿ ಓದಿ ಹಾಡುಗಾರರಾದವರು, ಮುಂದೆ ಅದೇ ಕಂಪನಿಯಲ್ಲಿ ರೆಕಾರ್ಡಿಂಗ್ ಅಧಿಕಾರಿಯಾದರು.

ಆಗ ಹಾಡನ್ನು ಹಿಡಿಯುತ್ತಿದ್ದುದು ಟೇಪಿನ ಮೇಲಲ್ಲ, ಮೇಣದ ಮೇಲೆ. ಒಂದು ಅಂಗುಲಕ್ಕೂ ದಪ್ಪನಾದ ಮೇಣದ ಬಿಲ್ಲೆಯನ್ನು ಹದವಾಗಿ ಬೆಚ್ಚಗೆ ಮಾಡಿ ತಿರುಗುವ ಯಂತ್ರದ ಮೇಲಿಡುವುದು. ಕರೆಂಟಿನ ವೇಗ ಹೆಚ್ಚುಕಡಿಮೆಯಾದೀತೆಂದು ಆ ಕಾಲದ ಎಷ್ಟೋ ಯಂತ್ರಗಳನ್ನು ಗೋಡೆಗಡಿಯಾರದ ಹಾಗೆ ಕೆಳಗಿಳಿಯುವ ತೂಕದ ಗುಂಡಿನಿಂದ ನಡೆಸುತ್ತಿದ್ದರು. 1925ಕ್ಕೆ ಮುಂಚೆ ಹಾಡುವವರು ತಗಡಿನ ಕೊಳವೆಯೊಳಗೆ ಮುಖವಿಟ್ಟು ಕೂಗಬೇಕಾಗಿತ್ತು. ಆಮೇಲೆ ಮೈಕು ಬಂತು. ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ಮಿನಿಟು. ರಾತ್ರಿಯಿಡೀ ಹಾಡುವ ರಾಗವನ್ನು ಅಷ್ಟರಲ್ಲಿ ಆಲಾಪಿಸಿ, ತಾನು ಹಾಕಿ, ಮುಗಿಸಿ ಕೈಮುಗಿಯಬೇಕು. ಮಧ್ಯೆ ಕೆಮ್ಮಿದರೆ ಮೇಣ ಕೆರೆದು ಮೊದಲಿನಿಂದ! ಇನ್ನೂ ಒಂದು ತೊಡಕು: ಹಾಡಿದ್ದು ಹೇಗೆ ಬಂತೆಂದು ಆ ಮೇಣವನ್ನೇ ಬಾರಿಸಿ ಕೇಳಿದರೆ ಗೆರೆ ಕೆಟ್ಟು ಹೋಗುತ್ತದೆ. ಹಾಡಿದವರು ತಮ್ಮ ಹಾಡನ್ನು ಕೇಳಬೇಕಾದರೆ ಪ್ಲೇಟು ಅಚ್ಚಾಗಿ ಬರುವವರೆಗೆ ಕಾಯಬೇಕು.

ಅಚ್ಚಾಗುತ್ತಿದ್ದುದು ಕಲಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ. ಅದು ಶುರುವಾದದ್ದು 1928ರಲ್ಲಿ. ಮೇಣಕ್ಕೆ ತಾಮ್ರ ಕೂರಿಸಿ, ಅದರಿಂದ ಅಚ್ಚು ತೆಗೆದು, ಆ ಅಚ್ಚಿನಿಂದ ಕಾಯಿಸಿದ ಅರಗಿನ ಮುದ್ದೆಯನ್ನು ಒತ್ತುವುದು. ಹೌದು, ನಮ್ಮ ಕಾಡಿನ ಮರಗಳಲ್ಲಿ ಹುಳ ಕಟ್ಟುವ ಅರಗೇ. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಸೇರಿಸುವುದು. ಪಾಂಡವರ ಅರಗಿನ ಮನೆ ಬೆಂಕಿಗೆ ಹೋಯಿತು, ಗಾಂಧಾರಿಯ ಅರಗಿನ ಪ್ಲೇಟು ಊಟದ ಡಬ್ಬಿಗೆ ಹೋಯಿತು.

ಹೆಸರಿನ ವಿಷಯದಲ್ಲಿ ಗೌಹರ್ ಜಾನ್ ಜಾಣೆ. 1902ರಲ್ಲಿ ಕಲಕತ್ತೆಯಲ್ಲಿ ಭಾರತದ ಮೊದಲ ರೆಕಾರ್ಡುಗಳಾದಾಗ ಆಕೆ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಸಾರಿಬಿಟ್ಟಳು. ಪ್ಲೇಟು ಅಚ್ಚಾಗುವುದು ಆಗ ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಲಿ ಎಂದು. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

ಟ್ರಂಕಿನ ಏಳನೆಯ ಪ್ಲೇಟು ಮಾಮಾ ಅವರ ತಮ್ಮ ಕಾಲೇಜಿನಲ್ಲಿದ್ದಾಗ ಕೊಂಡದ್ದು: ಬೀಟಲ್ಸ್! ಇಂಗ್ಲೆಂಡಿನ ಆ ನಾಲ್ವರು ಹುಡುಗರು 1963ರ ಫೆಬ್ರುವರಿ 11ರಂದು ಲಂಡನ್ನಿನ ಸ್ಟುಡಿಯೋದಲ್ಲಿ ಒಂದೇ ದಿನ ಕೂತು ತಮ್ಮ ಮೊದಲ ಎಲ್‌ಪಿಗೆ ಹತ್ತು ಹಾಡು ಮುಗಿಸಿದರು. ಅಷ್ಟರಲ್ಲಿ ಟೇಪು ಬಂದಿತ್ತು; ತಪ್ಪಿದರೆ ಮತ್ತೆ ಹಾಡಬಹುದು, ಮೇಣ ಕೆರೆಯುವ ರಗಳೆಯಿಲ್ಲ. ಅವರ ದೇಶದಲ್ಲಿ 78ರ ವೇಗದ ಪ್ಲೇಟಿನ ಕಾಲವೇ ಮುಗಿದಿತ್ತು. ಆದರೆ ಕರೆಂಟಿಲ್ಲದ ಮನೆಗಳಲ್ಲಿ ಕೀಲಿ ಕೊಡುವ ಗ್ರಾಮಫೋನು ಬಾಳಿ ಬದುಕುತ್ತಿದ್ದ ನಮ್ಮ ದೇಶಕ್ಕಾಗಿ, ಅವರ ಹಾಡುಗಳನ್ನು 1965ರ ತನಕವೂ ದಮ್‌ದಮ್‌ನಲ್ಲಿ 78ರ ಪ್ಲೇಟಿಗೆ ಒತ್ತುತ್ತಿದ್ದರು. ಈಗ ಸಂಗ್ರಾಹಕರು ಅವನ್ನು ಹುಡುಕಿಕೊಂಡು ಬರುತ್ತಾರಂತೆ. ಮಾಮಾ ಅವರ ಮಗನಿಗೆ ಈ ಸಮಾಚಾರ ಮುಟ್ಟಿದಾಗಿನಿಂದ ನನಗೆ ವಾರಕ್ಕೊಂದು ಫೋನು ಬರುತ್ತಿದೆ. ಬೀಟಲ್ಸ್ ಪ್ಲೇಟನ್ನು ಅವನಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದೇನೆ.

ಗ್ರಾಮಫೋನಿನ ಸ್ಪ್ರಿಂಗು ಹೋಗಿತ್ತು. ಒಂದು ಶನಿವಾರ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದು, ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಿ ಹಾಕಿಸಿಕೊಂಡು ಬಂದೆ. ಜೊತೆಗೆ ಒಂದು ಡಬ್ಬಿ ಉಕ್ಕಿನ ಮುಳ್ಳು. ಒಂದು ಮುಳ್ಳಿನಿಂದ ಒಂದೇ ಮಗ್ಗುಲು ಬಾರಿಸಬೇಕು, ಎರಡನೆಯದಕ್ಕೆ ಹೊಸದು. ಜಿಪುಣತನ ಮಾಡಿದರೆ ಪ್ಲೇಟನ್ನೇ ಉಳುತ್ತದೆ. ಅಂಗಡಿಯವನು ಮತ್ತೊಂದು ಮಾತು ಹೇಳಿದ: ಹಳೆಯ ಪ್ಲೇಟನ್ನು ಸ್ಪಿರಿಟಿನಿಂದ ಒರೆಸಲೇಬಾರದು, ಅರಗು ಕರಗಿ ಹೋಗುತ್ತದೆ. ಒಂದರ ಮೇಲೊಂದು ಪೇರಿಸಲೂ ಬಾರದು, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ ಬಿಸಿಲು ತಾಗದಂತೆ ಇಡಬೇಕು.

ಭಾನುವಾರ ಎಲ್ಲವನ್ನೂ ಹೊತ್ತುಕೊಂಡು (ಈ ಸಲ ರಿಕ್ಷಾದಲ್ಲಿ) ಮಾಮಾ ಅವರ ಬಾಡಿಗೆ ಮನೆಗೆ ಹೋದೆ. ಉಳಿದಿದ್ದ ಗಾಂಧಾರಿಯನ್ನು ಹಚ್ಚಿದೆ. ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು, ಅದರೊಳಗಿಂದ ಒಂದು ತೆಳ್ಳನೆಯ, ಚೂಪಾದ, ಎತ್ತರದ ದನಿ.

"ಇದು ಗಂಗೂಬಾಯಿ ಅಲ್ಲೋ," ಎಂದರು ಮಾಮಾ. "ಅವರನ್ನ ನಾ ಹುಬ್ಬಳ್ಳ್ಯಾಗ ಎದುರಿಗೆ ಕೂತು ಕೇಳೇನಿ. ಗಂಡಸರ ಹಂಗ ದನಿ ಅವರದು. ಇದು ಯಾವುದೋ ಸಣ್ಣ ಹುಡುಗಿ."

ಆಗ ಹೇಳಿದೆ: ಮುಂದೆ ಗಂಟಲಿನ ತೊಂದರೆಯಾಗಿ ಚಿಕಿತ್ಸೆ ಮಾಡಿಸಿಕೊಂಡ ಮೇಲೆ ಅವರ ದನಿ ಬದಲಾಯಿತು, ನಾವೆಲ್ಲ ಕೇಳಿದ್ದು ಆ ಎರಡನೆಯ ದನಿ. 2009ರಲ್ಲಿ ಅವರು ತೀರಿಕೊಂಡರು. ಮೊದಲಿನ ದನಿ ಇರುವುದು ಇಂಥ ಪ್ಲೇಟುಗಳಲ್ಲಿ.

ಮಾಮಾ ಬಹಳ ಹೊತ್ತು ಸುಮ್ಮನಿದ್ದರು. "ನಮ್ಮವ್ವ ಇದನ್ನ ಹಚ್ಚಿ ಅಡಿಗಿ ಮಾಡತಿದ್ಲು. ಯಾರು ಹಾಡ್ಯಾರ ಅಂತ ಆಕಿಗೂ ಗೊತ್ತಿರಲಿಲ್ಲ," ಎಂದರು. ಆಮೇಲೆ, "ಎರಡಿದ್ದೂವಲ್ಲ? ಇನ್ನೊಂದು ಹಚ್ಚು."

ಸೇತುವೆಯ ಕಥೆಯನ್ನು ತಲೆತಗ್ಗಿಸಿ ಹೇಳಿದೆ. ಮಾಮಾ ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. ಕಣ್ಣು ಮುಚ್ಚಿ ಆ ಹಾಡಿನ ಧಾಟಿಯನ್ನು ಗುನುಗಲು ನೋಡಿದರು. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಮತ್ತೆ ಮೊದಲಿನಿಂದ ಹಿಡಿದರು, ಮತ್ತೆ ಅಲ್ಲಿಗೇ ನಿಂತಿತು.

ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ನವಿ ಮುಂಬಯಿಯ ವರೆಗೆ ಇರುವ ನಮ್ಮ ಮನೆಗಳ ಅಟ್ಟಗಳಲ್ಲಿ ಎಲ್ಲಾದರೂ 'ಗಾಂಧಾರಿ' ಎಂಬ ಹೆಸರಿನ ಪ್ಲೇಟು ಇದ್ದರೆ ದಯವಿಟ್ಟು ಸಂಘಕ್ಕೆ ತಿಳಿಸಿರಿ. ಕೊಡಬೇಕಾಗಿಲ್ಲ. ಗ್ರಾಮಫೋನು, ಹೊಸ ಮುಳ್ಳು ಮತ್ತು ಮಾಮಾ ಅವರನ್ನು ರಿಕ್ಷಾದಲ್ಲಿ ಕರೆದುಕೊಂಡು ನಾನೇ ನಿಮ್ಮಲ್ಲಿಗೆ ಬರುತ್ತೇನೆ.