ಬರೆದ ಕಟ್ಟಳೆ, ಬರೆಯದ ಕಟ್ಟಳೆ

ಬೆಳಿಗ್ಗೆ ಎಂಟು ಗಂಟೆಗೆ ಸಾಸ್ತಾನದ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಕುಂದಾಪುರದ ಕಡೆಗೆ ಕೆಲವರು, ಬ್ರಹ್ಮಾವರ, ಉಡುಪಿಯ ಕಡೆಗೆ ಕೆಲವರು, ಬೆನ್ನಿಗೆ ಚೀಲ ಹಾಕಿಕೊಂಡ ನಮ್ಮ ಮಕ್ಕಳು. ಅವರಲ್ಲಿ ಎಷ್ಟೋ ಹುಡುಗಿಯರ ಅಮ್ಮಂದಿರು ಹೈಸ್ಕೂಲಿನ ಮೆಟ್ಟಿಲು ಹತ್ತದವರು. ಸಂಘದಿಂದ ಸಾಲ ಎತ್ತಿ ಮಗಳ ಶುಲ್ಕ ಕಟ್ಟಿದವರು. ಇದು ಸಣ್ಣ ಸಾಧನೆಯಲ್ಲ.

ಈ ಮಕ್ಕಳನ್ನು ಎರಡು ಬಗೆಯ ಕಟ್ಟಳೆಗಳು ನಡೆಸುತ್ತವೆ. ಒಂದು ಬರೆದದ್ದು. ಅದು ಕಾಲೇಜಿನ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ: ಶೇಕಡಾ 75 ಹಾಜರಿ ಬೇಕು, ಗುರುತಿನ ಚೀಟಿ ಬೇಕು, ರ‍್ಯಾಗಿಂಗ್ ಮಾಡಕೂಡದು. ತಪ್ಪಿದರೆ ಏನಾಗುತ್ತದೆಂಬುದೂ ಅಲ್ಲೇ ಇದೆ. ಅನ್ಯಾಯವೆನಿಸಿದರೆ ಪ್ರಾಂಶುಪಾಲರನ್ನು ಕೇಳಬಹುದು. ಇನ್ನೊಂದು ಎಲ್ಲೂ ಬರೆಯದ್ದು. ಹುಡುಗಿ ಜೋರಾಗಿ ನಗಬಾರದು, ಸಂಜೆಯ ಬಸ್ಸು ತಪ್ಪಿಸಬಾರದು, ಹೆಚ್ಚು ಓದಿದರೆ ಗಂಡು ಸಿಗುವುದಿಲ್ಲ. 'ಜನ ಎಂತ ಹೇಳ್ತ್ರ್?' ಎಂಬ ಒಂದೇ ಮಾತು ಇದರ ಪೊಲೀಸು, ಅದೇ ಇದರ ನ್ಯಾಯಾಲಯ. ಮೇಲ್ಮನವಿಗೆ ಅವಕಾಶವಿಲ್ಲ.

ಬರೆಯದ ಕಟ್ಟಳೆಗಳೆಲ್ಲ ಕೆಟ್ಟವಲ್ಲ. ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಡುವುದು, ಜ್ವರದಲ್ಲಿ ಮಲಗಿದ ಗೆಳತಿಗೆ ನೋಟ್ಸ್ ಬರೆದುಕೊಡುವುದು ಯಾವ ಕೈಪಿಡಿಯಲ್ಲೂ ಇಲ್ಲ. ಆದರೂ ಮಕ್ಕಳು ಮಾಡುತ್ತಾರೆ. ನಮ್ಮ ತಕರಾರು ಇರುವುದು ಮಗನಿಗೊಂದು ಅಳತೆ, ಮಗಳಿಗೊಂದು ಅಳತೆ ಇಡುವ ಕಟ್ಟಳೆಯ ಮೇಲೆ.

ನಾನು ಮೂವತ್ತು ವರ್ಷ ಪಾಠ ಮಾಡಿದವಳು. ಒಮ್ಮೆ ಅಂತಿಮ ಬಿ.ಕಾಂ.ನ ಹುಡುಗಿಯೊಬ್ಬಳ ಹಾಜರಿ ಕಡಿಮೆಯಾಗಿತ್ತು. ಎಲ್ಲರೆದುರು ಗದರಿಸಿ ದಂಡ ಕಟ್ಟಿಸಿದೆ. ಆಕೆ ತಲೆ ತಗ್ಗಿಸಿ ನಿಂತಿದ್ದಳೇ ಹೊರತು ಒಂದು ಮಾತೂ ಆಡಲಿಲ್ಲ. ಮೇಲಿಂದ ಮೇಲೆ ಗಂಡಿನವರು ನೋಡಲು ಬರುತ್ತಿದ್ದರು, ಚಿನ್ನದ ತೂಕಕ್ಕೆ ಬಂದಾಗ ಮಾತು ಮುರಿಯುತ್ತಿತ್ತು ಎಂದು ಆಕೆಯ ಗೆಳತಿ ಹೇಳಿದ್ದು ಆಮೇಲೆ. ಪರೀಕ್ಷೆಗೆ ಆಕೆ ಬರಲೇ ಇಲ್ಲ. ಬರೆದ ಕಟ್ಟಳೆಯನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೆ. ಬರೆಯದ ಕಟ್ಟಳೆ ಆಕೆಯನ್ನು ತರಗತಿಯಿಂದ ಎಳೆದೊಯ್ಯುತ್ತಿದ್ದುದು ಕಣ್ಣಿಗೆ ಬೀಳಲಿಲ್ಲ. 'ಯಾಕಮ್ಮ ಬರಲಿಲ್ಲ?' ಎಂದು ಹತ್ತಿರ ಕೂರಿಸಿಕೊಂಡು ಕೇಳಿದ್ದರೆ ಸಾಕಿತ್ತು.

ಅದೇ ತರಗತಿಯ ಹುಡುಗರೂ ಒಂದು ಪಾಠ ಕಲಿಯುತ್ತಿದ್ದರು. ಪದವಿ ಮುಗಿದರೆ ಇಷ್ಟು, ಇಂಜಿನಿಯರಾದರೆ ಇಷ್ಟು, ಹೊರದೇಶದ ಕೆಲಸವಾದರೆ ಇನ್ನಷ್ಟು. ಓದು ಅವರ ಪಾಲಿಗೆ ಬೆಲೆಪಟ್ಟಿಯಾಗುತ್ತದೆ. ಅದನ್ನು 'ಸಂಪ್ರದಾಯ' ಎನ್ನುವವರಿಗೆ ನಾವು ನೆನಪಿಸಬೇಕು: ಹಲವು ಜಾತಿಗಳಲ್ಲಿ ತಾಯಿಯ ಸಾಲಿನಲ್ಲೇ ಆಸ್ತಿ ನಡೆದುಬಂದ ಅಳಿಯಸಂತಾನದ ಕರಾವಳಿ ಇದು. ಇಂಥ ನೆಲದಲ್ಲೂ ವರದಕ್ಷಿಣೆ ಬೇರು ಬಿಟ್ಟಿತೆಂದರೆ ಅದು ಹುಟ್ಟಿನಿಂದ ಬಂದದ್ದಲ್ಲ, ನಡುವೆ ಬಂದದ್ದು. ನಡುವೆ ಬಂದದ್ದು ಹೋಗಲೂ ಬಲ್ಲದು.

ಕಾನೂನು ಇಲ್ಲವೆಂದಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. 1986ರ ತಿದ್ದುಪಡಿಯ ನಂತರ ಕೊಟ್ಟರೂ ತೆಗೆದುಕೊಂಡರೂ ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. 'ಕೊಟ್ಟವರೂ ತಪ್ಪಿತಸ್ಥರಲ್ಲವೇ, ದೂರುವುದು ಹೇಗೆ?' ಎಂದು ಹೆದರಬೇಕಿಲ್ಲ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರನ್ನೇ ಈ ಕಾಯ್ದೆಯಡಿ ವಿಚಾರಣೆಗೆ ಗುರಿಮಾಡುವಂತಿಲ್ಲ ಎಂದು 7ನೆಯ ಕಲಮು ಹೇಳುತ್ತದೆ.

ರ‍್ಯಾಗಿಂಗನ್ನು ಒಂದು ಕಾಲಕ್ಕೆ 'ಹಿರಿಯರ ತಮಾಷೆ' ಎನ್ನುತ್ತಿದ್ದರು. 2009ರಿಂದ ಯು.ಜಿ.ಸಿ. ನಿಯಮದಂತೆ ವಿದ್ಯಾರ್ಥಿ ಮತ್ತು ಹೆತ್ತವರು ಇಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ಹಾಗಾದರೆ ವರದಕ್ಷಿಣೆಗೆ? ಕೇರಳದಲ್ಲಿ 2021ರಲ್ಲಿ ಆಯುರ್ವೇದ ವಿದ್ಯಾರ್ಥಿನಿಯೊಬ್ಬಳು ಗಂಡನ ಮನೆಯಲ್ಲಿ ಪ್ರಾಣ ಕಳೆದುಕೊಂಡ ಮೇಲೆ, ಕಲ್ಲಿಕೋಟೆ ವಿಶ್ವವಿದ್ಯಾನಿಲಯ ಕಾಲೇಜು ಸೇರುವವರಿಂದ ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂಬ ಪ್ರತಿಜ್ಞಾಪತ್ರ ಕೇಳಿತು. ಒಳ್ಳೆಯದೇ. ಆದರೆ ಅದೇ ಕೇರಳದ ತಿರುವನಂತಪುರದಲ್ಲಿ 2023ರ ಡಿಸೆಂಬರಿನಲ್ಲಿ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿನಿಯೊಬ್ಬಳು ಜೀವ ತೆಗೆದುಕೊಂಡಳು. ವರದಕ್ಷಿಣೆಯ ಬೇಡಿಕೆಯಿಂದ ಮದುವೆ ಮುರಿದದ್ದೇ ಕಾರಣವೆಂಬ ದೂರಿನ ಮೇಲೆ ಸಹೋದ್ಯೋಗಿ ವೈದ್ಯನೊಬ್ಬನ ಬಂಧನವಾಯಿತು. ಕಾಗದದ ಮೇಲಿನ ಸಹಿ ಮನೆಯ ಜಗಲಿಯವರೆಗೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಒಳಗೆ ಕರೆಯಬೇಕಾದವರು ನಾವು.

ಸಂಘದ ಸದಸ್ಯೆಯರಿಗೆ ಇದು ಹೊಸತಲ್ಲ. ಸಭೆಗೆ ತಪ್ಪಿದರೆ ದಂಡವೆಂದು ನಡಾವಳಿ ಪುಸ್ತಕದಲ್ಲಿ ನಾವೇ ಬರೆದಿದ್ದೇವೆ. ಒಬ್ಬಳು ಆಸ್ಪತ್ರೆ ಸೇರಿದರೆ ಇನ್ನೊಬ್ಬಳು ಅವಳ ಉಳಿತಾಯದ ಹಣ ತುಂಬುವುದನ್ನು ಎಲ್ಲೂ ಬರೆದಿಲ್ಲ; ಆದರೂ ನಡೆಯುತ್ತದೆ. ಕಟ್ಟಳೆ ಮಾಡುವುದು ಹೇಗೆಂದು ನಮಗೆ ಗೊತ್ತಿದೆ. ಹಾಗಿದ್ದ ಮೇಲೆ ಮುಂದಿನ ಸಭೆಯಲ್ಲಿ ಕೆಲವನ್ನು ಮಾಡೋಣ. ಮಗಳ ಕೊನೆಯ ಪರೀಕ್ಷೆ ಮುಗಿಯುವವರೆಗೆ ಗಂಡು ನೋಡುವ ಶಾಸ್ತ್ರ ಬೇಡ. ಸಂಘದ ಸಾಲ ಓದಿಗೆ ಇದೆ, ಕಾಯಿಲೆಗೆ ಇದೆ, ವರದಕ್ಷಿಣೆಗೆ ಇಲ್ಲ. ಮಗಳು ಎಷ್ಟು ಹೊತ್ತಿಗೆ ಮನೆ ಸೇರಬೇಕೋ ಮಗನೂ ಅಷ್ಟು ಹೊತ್ತಿಗೆ ಸೇರಲಿ. ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಯನ್ನು 2013ರ ಕಾಯ್ದೆ, 2015ರ ಯು.ಜಿ.ಸಿ. ನಿಯಮಗಳ ಪ್ರಕಾರ ಕಾಲೇಜು ರಚಿಸಿರಬೇಕು. ಅದರಲ್ಲಿ ಯಾರಿದ್ದಾರೆಂದು ಹೋಗಿ ಕೇಳೋಣ.

ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಬಸ್ಸಿನಲ್ಲಿ ಯಾರೋ ಕೈ ಹಾಕಿದರೂ, ತರಗತಿಯಲ್ಲಿ ಯಾರೋ ಪೀಡಿಸಿದರೂ ಹುಡುಗಿಯರು ಬಾಯಿ ಬಿಡುವುದಿಲ್ಲ. ಪೀಡಿಸಿದವನ ಭಯಕ್ಕಿಂತ 'ನಾಳೆಯಿಂದ ಕಾಲೇಜು ಬೇಡ' ಎಂಬ ಮನೆಯವರ ತೀರ್ಪಿನ ಭಯ ಹೆಚ್ಚು. ತಪ್ಪು ಮಾಡಿದವನು ಬೆಂಚಿನಲ್ಲಿ ಕೂತಿರುತ್ತಾನೆ, ತಪ್ಪಿಲ್ಲದವಳು ಮನೆಯಲ್ಲಿ. ಇಂದು ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಹೇಳಿಬಿಡಿ: ಏನಾದರೂ ನನ್ನ ಹತ್ತಿರ ಹೇಳು, ನಿನ್ನ ಓದು ನಿಲ್ಲುವುದಿಲ್ಲ. ಪಕ್ಕದಲ್ಲಿ ಮಗನಿದ್ದರೆ ಅವನೂ ಕೇಳಿಸಿಕೊಳ್ಳಲಿ.