ಹಿತ್ತಿಲ ದಾಸವಾಳವೂ ಹೊಲದ ಔಷಧವೂ

ಬಳ್ಳಾರಿ ನಗರದ ಕೇರಿಗಳಲ್ಲಾಗಲಿ, ಸಿರುಗುಪ್ಪ ಕುರುಗೋಡುಗಳ ಹಿತ್ತಿಲುಗಳಲ್ಲಾಗಲಿ ದಾಸವಾಳದ ಗಿಡವು ಅಪರೂಪವಾದುದಲ್ಲ. ಪೂಜೆಗೆ ಹೂವನ್ನೂ ತಲೆಗೆ ಹಚ್ಚಲು ಎಲೆಯನ್ನೂ ಕೊಡುವ ಈ ಗಿಡವು ಬೇಸಾಯದ ಲೆಕ್ಕದಲ್ಲಿ ಸೇರುವುದಿಲ್ಲವಾದಕಾರಣ ಇದರ ವಿಷಯದಲ್ಲಿ ವಿಚಾರಮಾಡುವವರು ಕಡಮೆ. ಎಲೆ ಹಳದಿಯಾದರೂ, ಮೊಗ್ಗು ಉದುರಿದರೂ, ಕುಡಿಯ ಮೇಲೆ ಬಿಳಿಯ ಹಿಟ್ಟು ಕಂಡರೂ ಅನೇಕ ಮನೆಗಳಲ್ಲಿ ಮಾಡುವ ಉಪಾಯವು ಒಂದೇ. ಹತ್ತಿಗೋ ಮೆಣಸಿನಕಾಯಿಗೋ ತಂದಿದ್ದ, ರೈತರು ಆಡುಮಾತಿನಲ್ಲಿ ‘ಎಣ್ಣೆ’ ಎನ್ನುವ ವಿಷದ್ರವದಲ್ಲಿ ಮಿಕ್ಕಷ್ಟನ್ನು ಸಂಜೆ ಗಿಡದ ಮೇಲೆ ಹೊಡೆದುಬಿಡುವುದು. ಮರುದಿನ ಮುಂಜಾನೆ ಅದೇ ಗಿಡದ ಹೂವನ್ನು ಮನೆಯ ಹುಡುಗಿಯು ಬರಿಗೈಯಿಂದ ಕೊಯ್ದು ತರುವಳು. ಈ ಪದ್ಧತಿಯು ನಿಲ್ಲತಕ್ಕದ್ದು.

ಹೊಲದ ಔಷಧವನ್ನು ಹೊಡೆದ ಬಳಿಕ ಇಂತಿಷ್ಟು ದಿನಗಳವರೆಗೆ ಫಸಲನ್ನು ಕೊಯ್ಯಕೂಡದೆಂದು ಡಬ್ಬಿಯ ಚೀಟಿಯಲ್ಲಿಯೇ ಅಚ್ಚಾಗಿರುವುದು. ದಾಸವಾಳವಾದರೋ ದಿನಂಪ್ರತಿ ಅರಳುವುದು, ದಿನಂಪ್ರತಿ ಕೊಯ್ಯಲ್ಪಡುವುದು. ಹಾಗಿರುವಾಗ ಕಾಯುವ ದಿನಗಳೆಂಬುದು ಈ ಗಿಡಕ್ಕೆ ಹೇಗೆ ಹೊಂದೀತು? ಹೂವು ದೇವರ ಪಟದ ಮೇಲಷ್ಟೇ ಉಳಿಯುವುದೆಂದು ತಿಳಿಯುವುದೂ ಸರಿಯಲ್ಲ. ಅದನ್ನು ಎಣ್ಣೆಯಲ್ಲಿ ಕಾಸುವವರುಂಟು, ಕಷಾಯಮಾಡಿ ಕುಡಿಯುವವರೂ ಉಂಟು. ಮಾನೋಕ್ರೋಟೋಫಾಸ್ ಎಂಬ ಔಷಧವನ್ನು ತರಕಾರಿಗಳ ಮೇಲೆ ಉಪಯೋಗಿಸಕೂಡದೆಂದು ಭಾರತ ಸರಕಾರವು 2005ರಲ್ಲಿಯೇ ನಿಷೇಧಿಸಿತು. ಬಾಯಿಗೆ ಹೋಗುವ ಎಲೆಗೂ ಕಾಯಿಗೂ ಸಲ್ಲದ ವಿಷವು ಬಾಯಿಗೆ ಹೋಗುವ ಹೂವಿಗೆ ಸಲ್ಲುವುದೆಂದು ಯಾರೂ ವಾದಿಸಲಾರರು.

ಅದಲ್ಲದೆ, ಮೇಲೆ ಹೇಳಿದ ಮೂರು ತೊಂದರೆಗಳಲ್ಲಿ ಮೊದಲನೆಯದು ಸಾಧಾರಣವಾಗಿ ಕೀಟದಿಂದ ಬಂದುದೇ ಅಲ್ಲ. ಎಳೆಯ ಎಲೆಗಳು ಹಳದಿಗೆ ತಿರುಗಿ ನರಗಳು ಮಾತ್ರ ಹಸುರಾಗಿ ಉಳಿದರೆ ಅದು ಕಬ್ಬಿಣದ ಅಂಶದ ಕೊರತೆ. ಬಳ್ಳಾರಿ ಸೀಮೆಯ ಎರೆಮಣ್ಣಿನಲ್ಲಿ ಕಬ್ಬಿಣವು ಇಲ್ಲವೆಂದಲ್ಲ. ಸುಣ್ಣದ ಅಂಶವು ಅಧಿಕವಾಗಿರುವುದರಿಂದ ಅದು ಬೇರಿಗೆ ದೊರೆಯುವ ಸ್ಥಿತಿಯಲ್ಲಿರುವುದಿಲ್ಲ. ಇಲ್ಲಿ ಒಂದು ತಪ್ಪನ್ನು ಎತ್ತಿ ಹೇಳುವುದು ಅವಶ್ಯ. ಒಲೆಯ ಬೂದಿಯನ್ನಾಗಲಿ, ಸಿರುಗುಪ್ಪದ ಕಡೆ ಭತ್ತದ ಗಿರಣಿಗಳಿಂದ ಸುಲಭವಾಗಿ ದೊರೆಯುವ ಉಮಿಯ ಬೂದಿಯನ್ನಾಗಲಿ ಗಿಡದ ಬುಡಕ್ಕೆ ಸುರಿಯುವುದು ಒಳ್ಳೆಯದೆಂಬ ನಂಬಿಕೆಯುಂಟು. ಮಲೆನಾಡಿನ ಹುಳಿಮಣ್ಣಿಗೆ ಬೂದಿಯು ಹಿತವಾದೀತು. ಸುಣ್ಣ ತುಂಬಿದ ಎರೆಮಣ್ಣಿಗೆ ಅದೇ ಬೂದಿಯನ್ನು ಹಾಕುವುದೆಂದರೆ ಉಪ್ಪು ಹೆಚ್ಚಾದ ಸಾರಿಗೆ ಮತ್ತೆ ಉಪ್ಪು ಹಾಕಿದಂತೆ. ಬೂದಿಯನ್ನು ನಿಲ್ಲಿಸಿ, ಚೆನ್ನಾಗಿ ಕೊಳೆತ ಕೊಟ್ಟಿಗೆಗೊಬ್ಬರವನ್ನು ಬುಡಕ್ಕೆ ಕೊಟ್ಟು, ಒಂದು ಲೀಟರ್ ನೀರಿನಲ್ಲಿ 5 ಗ್ರಾಂ ಅನ್ನಭೇದಿಯನ್ನೂ 1 ಗ್ರಾಂ ನಿಂಬೆ ಉಪ್ಪನ್ನೂ ಕರಗಿಸಿ, ಬಿಸಿಲಿಳಿದ ಮೇಲೆ ಎಲೆಗಳು ತೊಯ್ಯುವಂತೆ ಸಿಂಪಡಿಸಬೇಕು. ಹತ್ತು ದಿನಗಳಿಗೊಮ್ಮೆಯಂತೆ ಎರಡು ಮೂರು ಸಲ ಮಾಡಿದರೆ ಹೊಸ ಎಲೆಗಳು ಹಸುರಾಗಿ ಬರುವುವು. ಅನ್ನಭೇದಿಯನ್ನು ಇಂಥ ಮಣ್ಣಿಗೆ ಸುರಿದರೆ ಅದೂ ಬಹುಬೇಗನೆ ನಿರುಪಯುಕ್ತವಾಗುವುದು. ಬಟ್ಟೆಗೂ ಸುಣ್ಣದ ಗೋಡೆಗೂ ಇದು ಕಲೆಮಾಡುವುದೆಂಬುದನ್ನು ಮರೆಯಬಾರದು.

ಎಳೆಯ ಎಲೆಗಳು ಸರಿಯಾಗಿದ್ದು ಕೆಳಗಿನ ಎಲೆಗಳೇ ಹಳದಿಯಾಗಿ ಉದುರುತ್ತಿದ್ದರೆ ಬುಡದ ನೀರನ್ನು ಪರೀಕ್ಷಿಸಬೇಕು. ಎರೆನೆಲದಲ್ಲಿ ಆಳವಾದ ಗುಂಡಿ ತೋಡಿ ಅದರಲ್ಲಿ ಸಡಿಲವಾದ ಮಣ್ಣನ್ನು ತುಂಬಿ ಗಿಡ ನೆಟ್ಟರೆ ಆ ಗುಂಡಿಯು ನೀರು ಹಿಡಿಯುವ ಬಟ್ಟಲಿನಂತಾಗಿ ಬೇರುಗಳು ಉಸಿರುಕಟ್ಟಿ ಕೊಳೆಯುವುವು. ತುಂಗಭದ್ರೆಯ ಕಾಲುವೆಯ ನೀರು ಸುತ್ತಲಿನ ಗದ್ದೆಗಳಲ್ಲಿ ನಿಂತಿರುವ ಸಿರುಗುಪ್ಪದ ತಗ್ಗಿನ ಹಿತ್ತಿಲುಗಳಲ್ಲಿ ಇದರ ಭಯವು ಹೆಚ್ಚು. ಅಂಥಲ್ಲಿ ಗುಂಡಿಗೆ ಬದಲಾಗಿ ಮಸಾರಿ ಮಣ್ಣು, ಮರಳು, ಗೊಬ್ಬರಗಳನ್ನು ಬೆರಸಿ ಒಂದಡಿ ಎತ್ತರದ ದಿಬ್ಬವನ್ನು ಮಾಡಿ ಅದರ ಮೇಲೆ ನೆಡುವುದು ಕ್ಷೇಮ. ಬಳ್ಳಾರಿ ನಗರದಲ್ಲಿ ಗುಡ್ಡದ ಬುಡದ ಗರಸು ನೆಲವಿರುವ ಕಡೆ ಸಂಗತಿಯು ತಿರುಗುಮುರುಗು. ಅಲ್ಲಿ ನೀರು ನಿಲ್ಲುವುದೇ ಇಲ್ಲ. ವರ್ಷಕ್ಕೆ ಸುಮಾರು 20 ಅಂಗುಲ ಮಾತ್ರ ಮಳೆ ಬೀಳುವ ಆ ಊರಿನ ಬೇಸಗೆಯಲ್ಲಿ ಬುಡಕ್ಕೆ ತರಗೆಲೆಯನ್ನೋ ಹುಲ್ಲನ್ನೋ ಮುಚ್ಚದಿದ್ದರೆ ಗಿಡವು ಬಾಡುವುದು.

ಮೊಗ್ಗು ಉದುರುವುದಕ್ಕೂ ಬಹುಮಟ್ಟಿಗೆ ನೀರಿನ ಅಕ್ರಮವೇ ಕಾರಣ. ನಾಲ್ಕು ದಿನ ಒಣಗಿಸಿ ಐದನೆಯ ದಿನ ನಾಲ್ಕು ಕೊಡ ಸುರಿಯುವುದಕ್ಕಿಂತ, ಮಣ್ಣಿನ ಮೇಲಿನ ಒಂದಂಗುಲ ಆರಿದುದನ್ನು ಬೆರಳಿನಿಂದ ನೋಡಿ ನೀರು ಕೊಡುವುದು ಮೇಲು. ಹೊಲದ ಯೂರಿಯಾವನ್ನು ಧಾರಾಳವಾಗಿ ಎರಚಿದ ಗಿಡವು ಎಲೆಯನ್ನು ಬಿಡುವುದೇ ಹೊರತು ಹೂವನ್ನಲ್ಲ. ಮೊಗ್ಗುಗಳು ಸೊಟ್ಟಗಾಗಿ ಉದುರಿದರೆ ಮಾತ್ರ ಒಂದನ್ನು ಬಿಡಿಸಿ ಒಳಗೆ ನುಸಿಯಂಥ ಕೀಟಗಳಿವೆಯೋ ಎಂದು ನೋಡತಕ್ಕದ್ದು.

ಇನ್ನುಳಿದುದು ಬಿಳಿಯ ಹಿಟ್ಟು, ಅಂದರೆ ಹಿಟ್ಟುತಿಗಣೆ. ಹತ್ತಿ, ಬೆಂಡೆ, ಪುಂಡಿ, ದಾಸವಾಳ ಇವೆಲ್ಲವೂ ಒಂದೇ ಕುಟುಂಬದ ಸಸ್ಯಗಳಾದುದರಿಂದ ಒಂದರ ಪೀಡೆಯು ಮತ್ತೊಂದಕ್ಕೆ ಹಬ್ಬುವುದರಲ್ಲಿ ಆಶ್ಚರ್ಯವಿಲ್ಲ. ಹತ್ತಿಯ ಹೊಲದ ಸಮೀಪದಲ್ಲಿ ದಾಸವಾಳವನ್ನೇ ಕಿತ್ತುಹಾಕಬೇಕೆಂದು ಹೇಳುವವರೂ ಇದ್ದಾರೆ. ಇದು ಅತಿಯಾಯಿತು. ಹಿಟ್ಟುತಿಗಣೆಯು ಮೈಮೇಲೆ ಮೇಣದ ಹೊದಿಕೆಯನ್ನು ಹೊತ್ತಿರುವುದರಿಂದ ಔಷಧವು ಅದಕ್ಕೆ ತಗಲುವುದು ಕಷ್ಟ. ಅದನ್ನು ತಿನ್ನುವ ಗುಲಗಂಜಿಹುಳುಗಳೂ ಸಣ್ಣ ಕಣಜಗಳೂ ಮೊದಲು ಸಾಯುವುವು. ಪಪಾಯದ ಹಿಟ್ಟುತಿಗಣೆಯು 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪಪಾಯ, ಹಿಪ್ಪುನೇರಳೆಗಳನ್ನಲ್ಲದೆ ದಾಸವಾಳವನ್ನೂ ಹಿಡಿದಾಗ ಔಷಧಗಳು ಸಾಲದೆ ಹೋದುವು. 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ತರಿಸಿ ಬೆಳಸಿ ಬಿಟ್ಟ ಪರಾವಲಂಬಿ ಕಣಜಗಳು ಆ ಪೀಡೆಯನ್ನು ಅಡಗಿಸಿದುವು. ಇಂಥ ಕಣಜಗಳಿರುವ ಹಿತ್ತಿಲಿನಲ್ಲಿ ವಿಷವನ್ನು ಹೊಡೆಯುವವನು ತನ್ನ ಹೊಲದ ಕಾವಲುಗಾರನನ್ನೇ ಓಡಿಸಿದಂತಾಯಿತು.

ಮಾಡಬೇಕಾದುದು ಸುಲಭವಾಗಿದೆ. ಹಿಟ್ಟು ಮೆತ್ತಿದ ಕುಡಿಗಳನ್ನು ಗೇಣುದ್ದ ಕತ್ತರಿಸಿ ಸುಡುವುದು. ಉಳಿದ ಗಿಡವನ್ನು ರಭಸವಾದ ನೀರಿನಿಂದ ತೊಳೆಯುವುದು. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕಲಸಿ, ಎಲೆಗಳ ಅಡಿಯಲ್ಲಿ ಮುಖ್ಯವಾಗಿ, ವಾರಕ್ಕೊಮ್ಮೆ ಸಿಂಪಡಿಸುವುದು. ಕಾಂಡದ ಮೇಲೆ ಇರುವೆಗಳ ಸಾಲು ಹತ್ತುತ್ತಿದ್ದರೆ ಅವುಗಳ ಗೂಡನ್ನು ಮೊದಲು ಅಗೆದು ತೆಗೆಯಬೇಕು. ಸಿಹಿದ್ರವದ ಆಸೆಗೆ ತಿಗಣೆಗಳನ್ನು ಕಾಯುವವು ಅವೇ. ಈ ಕೆಲಸಕ್ಕೆ ಬೇಕಾದುದು ವಾರಕ್ಕೆ ಅರ್ಧ ಗಂಟೆ. ‘ಎಣ್ಣೆ’ ಹೊಡೆಯುವುದಕ್ಕೆ ಐದು ನಿಮಿಷ ಸಾಕೆಂಬುದು ನಿಜವೇ, ಜನರು ಅದನ್ನು ಬಿಡದಿರುವುದಕ್ಕೆ ಕಾರಣವೂ ಪ್ರಾಯಶಃ ಇದೇ.

ಮಳೆಗಾಲದಲ್ಲಿ ನೆರೆಹೊರೆಯವರು ಪರಸ್ಪರ ದಾಸವಾಳದ ಕಡ್ಡಿಗಳನ್ನು ಕೊಟ್ಟುಕೊಳ್ಳುವುದು ಈ ಊರುಗಳಲ್ಲಿ ವಾಡಿಕೆ. ಪೀಡೆಯೂ ಕೇರಿಯಿಂದ ಕೇರಿಗೆ ಅದೇ ದಾರಿಯಲ್ಲಿ ಹೋಗಬಲ್ಲುದು. ಕಡ್ಡಿಯನ್ನು ಕೊಡುವವರು ಎಲೆಗಳನ್ನು ಕಿತ್ತು, ಗೆಣ್ಣುಗಳ ಸಂದಿಯಲ್ಲಿ ಬಿಳಿಯ ಹಿಟ್ಟಿಲ್ಲವೆಂದು ನೋಡಿ, ಸಾಬೂನಿನ ನೀರಿನಲ್ಲಿ ಒಮ್ಮೆ ಅದ್ದಿ ತೊಳೆದು ಕೊಡತಕ್ಕದ್ದು.