ಎಣಿಸುವುದು ಯಾರಿಗಾಗಿ?

ಪವಿತ್ರ ಗ್ರಂಥದಲ್ಲಿ ಎರಡು ಬಗೆಯ ಎಣಿಕೆಗಳಿವೆ. ದಾವೀದ ಅರಸನು ತನ್ನ ಜನರನ್ನು ಎಣಿಸಹೊರಟನು. ಸೇನಾಪತಿ ಯೋವಾಬನು ಬೇಡವೆಂದರೂ ಕೇಳಲಿಲ್ಲ. ಒಂಬತ್ತು ತಿಂಗಳು ಇಪ್ಪತ್ತು ದಿನಗಳ ಬಳಿಕ ಅರಸನ ಕೈಗೆ ಬಂದದ್ದು ಕತ್ತಿ ಹಿಡಿಯಬಲ್ಲ ಗಂಡಸರ ಸಂಖ್ಯೆ ಮಾತ್ರ. ಅದರಲ್ಲಿ ತಾಯಂದಿರಿರಲಿಲ್ಲ, ಮಕ್ಕಳಿರಲಿಲ್ಲ, ಮುದುಕರಿರಲಿಲ್ಲ. ಆ ಎಣಿಕೆಯಿಂದ ನಾಡಿಗೆ ಒಳಿತಾಗಲಿಲ್ಲ. ಇನ್ನೊಂದು ಎಣಿಕೆ ಶುಭಸಂದೇಶದ ಸಾಮತಿಯಲ್ಲಿದೆ. ನೂರು ಕುರಿಗಳಲ್ಲಿ ಒಂದು ತಪ್ಪಿಹೋಯಿತೆಂದು ಕುರಿಗಾಹಿಗೆ ತಿಳಿದದ್ದಾದರೂ ಹೇಗೆ? ಅವನು ಎಣಿಸಿದ್ದರಿಂದ ತಾನೆ? ಎಣಿಸದವನಿಗೆ ಕಳೆದುಹೋದದ್ದರ ಅರಿವೇ ಇರುವುದಿಲ್ಲ. ಆದುದರಿಂದ ಎಣಿಸುವುದು ತಪ್ಪಲ್ಲ. ಯಾತಕ್ಕಾಗಿ ಎಣಿಸುತ್ತೇವೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಈಗ ಎತ್ತಲು ಕಾರಣವಿದೆ. 2027ರ ಮಾರ್ಚ್ 1ನ್ನು ಆಧಾರ ದಿನಾಂಕವಾಗಿಟ್ಟುಕೊಂಡು ಜನಗಣತಿ ನಡೆಸುವುದಾಗಿ ಕೇಂದ್ರ ಸರಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ದಕ್ಷಿಣದ ರಾಜ್ಯಗಳಲ್ಲಿ ಜನಸಂಖ್ಯೆಯ ಮಾತು ರಾಜಕೀಯದ ಮಾತಾಗಿದೆ. 2024ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಹೆರುವಂತೆ ಜನರಿಗೆ ಕರೆಯಿತ್ತರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನು ಅದೇ ವರ್ಷ ಆ ರಾಜ್ಯ ತೆಗೆದುಹಾಕಿತು. ನಿನ್ನೆಯವರೆಗೆ ಬೇಡವಾಗಿದ್ದ ಮಗು ಇಂದು ಬೇಕಾಗಿದೆ. ಬೇಕಾಗಿರುವುದು ಮಗುವೋ, ಮಗುವಿನ ಸಂಖ್ಯೆಯೋ?

ಮೊದಲು ಈ ಸಂಖ್ಯೆ ಹೇಗೆ ಹುಟ್ಟುತ್ತದೆಂಬುದನ್ನು ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ದೇಶದಲ್ಲಿ 1992-93ರಲ್ಲಿ ಮೊದಲ ಬಾರಿಗೆ ನಡೆಯಿತು. ಸಮೀಕ್ಷಕಿಯೊಬ್ಬಳು ಮನೆಯ ಬಾಗಿಲಿಗೆ ಬರುತ್ತಾಳೆ. ಹದಿನೈದರಿಂದ ನಲವತ್ತೊಂಬತ್ತು ವರ್ಷದೊಳಗಿನ ಹೆಂಗಸರನ್ನು ಕುಳ್ಳಿರಿಸಿ, ಎಷ್ಟು ಹೆತ್ತಿರಿ, ಎಷ್ಟು ಉಳಿದವು, ಎಲ್ಲಿ ಹೆರಿಗೆಯಾಯಿತು ಎಂದು ಕೇಳುತ್ತಾಳೆ. ಒಪ್ಪಿದರೆ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆಯುತ್ತಾಳೆ. ಹೀಗೆ 2019-21ರ ಐದನೆಯ ಸಮೀಕ್ಷೆಯಲ್ಲಿ ಕರ್ನಾಟಕದ ಸುಮಾರು 30 ಸಾವಿರ ಮಹಿಳೆಯರು ಉತ್ತರಿಸಿದರು. ಆ ಉತ್ತರಗಳನ್ನು ವಯಸ್ಸಿನ ಪ್ರಕಾರ ಕೂಡಿಸಿದಾಗ ದೊರೆತ ಒಟ್ಟು ಫಲವತ್ತತೆ ದರ 1.7. ಇಂದಿನ ಪ್ರಮಾಣವೇ ಮುಂದುವರಿದರೆ ಒಬ್ಬ ಮಹಿಳೆ ತನ್ನ ಆಯುಷ್ಯದಲ್ಲಿ ಹೆರುವ ಮಕ್ಕಳ ಸರಾಸರಿ ಅದು. 1992-93ರಲ್ಲಿ ಅದು 2.85 ಇತ್ತು. ಜನಸಂಖ್ಯೆ ಏರದೆ ಇಳಿಯದೆ ನಿಲ್ಲಬೇಕಾದರೆ 2.1 ಇರಬೇಕೆನ್ನುತ್ತಾರೆ. ಆ ಮಟ್ಟಕ್ಕೆ ಕರ್ನಾಟಕ 2005-06ರಲ್ಲಿಯೇ ಇಳಿದಿತ್ತು.

1.7 ಮಕ್ಕಳನ್ನು ಹೆತ್ತ ತಾಯಿ ಎಲ್ಲಿಯೂ ಇಲ್ಲ. ಸರಾಸರಿಯೆಂಬುದು ಬುದ್ಧಿಯ ಸೃಷ್ಟಿ, ಇರುವವರು ವ್ಯಕ್ತಿಗಳು. ಹಾಗೆಂದು ಸರಾಸರಿ ಸುಳ್ಳಲ್ಲ. ಅದು ಸಾವಿರಾರು ತಾಯಂದಿರು ನುಡಿದ ಸಾಕ್ಷ್ಯದ ಸಾರ. ಸಾಕ್ಷ್ಯವನ್ನು ಕೇಳಿದವನಿಗೆ ಒಂದು ಕರ್ತವ್ಯ ಹುಟ್ಟುತ್ತದೆ. ಆ ಕರ್ತವ್ಯವನ್ನು ಮರೆತು ಸಾಕ್ಷ್ಯವನ್ನೇ ಗುರಿಯಾಗಿ ಮಾಡಿಕೊಂಡಾಗ ಅನ್ಯಾಯ ಆರಂಭವಾಗುತ್ತದೆ.

ಈ ವಿಷಯದಲ್ಲಿ ಕನ್ನಡ ನಾಡಿಗೆ ದೀರ್ಘ ಅನುಭವವಿದೆ. 1930ರಲ್ಲಿಯೇ ಮೈಸೂರು ಸಂಸ್ಥಾನವು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ನೀಡಿತ್ತು. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರಕಾರಗಳು ಕೂಡಿ ಮೈಸೂರು ರಾಜ್ಯದಲ್ಲಿ ಮನೆಮನೆಯ ಜನಸಂಖ್ಯಾ ಅಧ್ಯಯನ ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಅದೇ ದಿನಗಳಲ್ಲಿ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ಔಷಧ, ಶಸ್ತ್ರಚಿಕಿತ್ಸೆಗಳಿಲ್ಲದೆ, ದಿನಗಳನ್ನು ಲೆಕ್ಕವಿಟ್ಟು ಸಂಯಮದಿಂದ ಸಂತಾನದ ಅಂತರ ಕಾಯುವ ಸ್ವಾಭಾವಿಕ ವಿಧಾನವನ್ನು ದಂಪತಿಗಳಿಗೆ ಕಲಿಸಲಾಯಿತು. ಲೆಕ್ಕ ತಪ್ಪದಿರಲೆಂದು ಬಣ್ಣದ ಮಣಿಗಳ ಸರವನ್ನೂ ರೂಪಿಸಲಾಯಿತು. ನಿರೀಕ್ಷಿಸಿದ ಫಲ ಸಿಗಲಿಲ್ಲ. ಮಣಿಯ ಸರವನ್ನು ಹೆಂಡತಿಯ ಕೈಗೆ ಕೊಡಬಹುದು. ಸಂಯಮವನ್ನು ಗಂಡನೂ ಕಲಿಯಬೇಕಾಗುತ್ತದೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಮುಂದಿನ ದಶಕಗಳಲ್ಲಿ ತಾಳ್ಮೆ ತಪ್ಪಿತು. ಕೇಳಿ ತಿಳಿಯುವುದರ ಬದಲು ಗುರಿ ಗೊತ್ತುಮಾಡುವುದು ರೂಢಿಯಾಯಿತು. ಇಂತಿಷ್ಟು ಆಪರೇಷನ್ ಎಂದು ದಿಲ್ಲಿಯಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ಹಳ್ಳಿಯ ನರ್ಸಮ್ಮನವರೆಗೆ ಸಂಖ್ಯೆ ಇಳಿದುಬಂತು. ತುರ್ತು ಪರಿಸ್ಥಿತಿಯ 1976-77ರಲ್ಲಿ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಆಗ ನಡೆದ ಬಲಾತ್ಕಾರವನ್ನು ನಮ್ಮ ಹಿರಿಯರು ಮರೆತಿಲ್ಲ. 1994ರ ಕೈರೋ ಸಮ್ಮೇಳನದ ಬಳಿಕ, 1996ರಲ್ಲಿ ಕೇಂದ್ರ ಸರಕಾರ ಗುರಿ ನಿಗದಿಯ ಪದ್ಧತಿಯನ್ನು ಕೈಬಿಟ್ಟಿತು. ಕಾಗದದ ಮೇಲೆ ಗುರಿ ಹೋಯಿತು. ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ.

ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಕುರಿಗಾಹಿಯಂತೆ ಎಣಿಸಿದ ಸಂದರ್ಭಗಳೂ ನಮ್ಮ ರಾಜ್ಯದಲ್ಲಿವೆ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿಯೂ, ಡಾ. ಡಿ. ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಕೊಟ್ಟ ವರದಿಯೂ ಪ್ರದೇಶ ಪ್ರದೇಶಗಳ ನಡುವಿನ ಅಂತರವನ್ನು ಬಿಚ್ಚಿ ತೋರಿಸಿದವು. ನಂಜುಂಡಪ್ಪ ಸಮಿತಿ ಅಂದಿನ 175 ತಾಲೂಕುಗಳನ್ನು ಒಂದೊಂದಾಗಿ ತೂಗಿ 114 ಹಿಂದುಳಿದಿವೆಯೆಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದವು. ಅನಂತರ 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಆಶಾ ಕಾರ್ಯಕರ್ತೆಯರು ಬಂದರು, ತಾಯಿ ಕಾರ್ಡು, ಮಡಿಲು ಕಿಟ್ಟು, ಬಡ ತಾಯಂದಿರ ಹೆರಿಗೆಯ ವೆಚ್ಚ ಭರಿಸುವ ತಾಯಿ ಭಾಗ್ಯ ಬಂದವು. 2018-20ರ ಹೊತ್ತಿಗೆ ತಾಯಂದಿರ ಮರಣ 69ಕ್ಕೆ ಇಳಿಯಿತು. ಎಲ್ಲಿ ಸಾಯುತ್ತಿದ್ದಾರೆಂದು ಲೆಕ್ಕವಿಟ್ಟದ್ದರಿಂದ ಎಲ್ಲಿಗೆ ಹೋಗಬೇಕೆಂಬುದು ತಿಳಿಯಿತು. ಆದರೂ ಅದೇ ಅವಧಿಯಲ್ಲಿ ನೆರೆಯ ಕೇರಳದ ಸಂಖ್ಯೆ 19. ನಾವು ಇನ್ನೂ ಅರ್ಧದಾರಿಯಲ್ಲಿದ್ದೇವೆ.

ಈಗ 1.7ನ್ನು ತೋರಿಸಿದ ಅದೇ ಸಮೀಕ್ಷೆಯ ಉಳಿದ ಸಾಲುಗಳನ್ನು ಓದೋಣ. ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 57.4 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಹಿಂದಿನ 2015-16ರ ಸಮೀಕ್ಷೆಯಲ್ಲಿ ಅದು ಶೇ. 48.6 ಇತ್ತು. ಗಂಡಸರ ಪಾಲು ಸೊನ್ನೆ. ದಶಾಂಶದ ಮುಂದೆಯೂ ಸೊನ್ನೆ. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಶೇ. 44.8ರಿಂದ 47.8ಕ್ಕೆ ಏರಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಶೇ. 65.5. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ಮೂವರಲ್ಲೊಬ್ಬರು. ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ಹೆಂಗಸರಲ್ಲಿ ಐವರಲ್ಲೊಬ್ಬಳಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಆಸ್ಪತ್ರೆಯ ಹೆರಿಗೆ ಶೇ. 97ಕ್ಕೆ ತಲುಪಿದ್ದು ದೊಡ್ಡ ಸಾಧನೆ. ಆದರೆ ಮೂರು ಹೆರಿಗೆಗಳಲ್ಲಿ ಹೆಚ್ಚುಕಡಿಮೆ ಒಂದು ಹೊಟ್ಟೆ ಕೊಯ್ದು ಆಗುತ್ತಿದೆ.

ಈ ಸಾಲುಗಳನ್ನು ಒಟ್ಟಿಗಿಟ್ಟು ಓದಿದರೆ ಒಬ್ಬ ಹೆಣ್ಣುಮಗಳ ಜೀವನ ಕಾಣುತ್ತದೆ. ಬೇಗ ಮದುವೆ, ಬೇಗ ಎರಡು ಹೆರಿಗೆ, ಮೂವತ್ತು ತುಂಬುವ ಮೊದಲೇ ಆಪರೇಷನ್. ಅಲ್ಲಿಗೆ ಸರಕಾರದ ಲೆಕ್ಕ ಮುಗಿಯಿತು. ಆಕೆಯ ರಕ್ತದಲ್ಲಿ ಕಬ್ಬಿಣವಿಲ್ಲ, ಹೊಲದ ಕೆಲಸ ತಪ್ಪುವುದಿಲ್ಲ, ತಟ್ಟೆಯಲ್ಲಿ ಉಳಿದದ್ದೇ ಊಟ. ಫಲವತ್ತತೆ ಇಳಿದರೆ ತಾಯಿ ತಾನಾಗಿ ಆರೋಗ್ಯವಂತಳಾಗುವಳೆಂದು ಒಂದು ಕಾಲದಲ್ಲಿ ನಮಗೆ ಹೇಳಿದ್ದರು. ಫಲವತ್ತತೆ ಇಳಿಯಿತು. ತಾಯಿ ಇನ್ನೂ ಕಾಯುತ್ತಿದ್ದಾಳೆ.

ರಾಜ್ಯದ ಸರಾಸರಿ ಇನ್ನೊಂದನ್ನೂ ಮುಚ್ಚುತ್ತದೆ. 2001ರಿಂದ 2011ರ ನಡುವೆ ಉಡುಪಿ ಜಿಲ್ಲೆಯ ಜನಸಂಖ್ಯೆ ಶೇ. 6ರಷ್ಟೂ ಬೆಳೆಯಲಿಲ್ಲ, ಚಿಕ್ಕಮಗಳೂರಿನದು ತುಸು ಇಳಿಯಿತು, ಯಾದಗಿರಿಯದು ಶೇ. 22ಕ್ಕೂ ಹೆಚ್ಚು ಬೆಳೆಯಿತು. ಮಕ್ಕಳು ಊರು ಬಿಟ್ಟ ಮನೆಯಲ್ಲಿ ಒಂಟಿಯಾಗಿ ಉಳಿದ ವೃದ್ಧೆಗೆ ಉಡುಪಿಯಲ್ಲಿ ಶುಶ್ರೂಷಕಿ ಬೇಕು. ಯಾದಗಿರಿಯ ಬಸುರಿಗೆ ಹತ್ತಿರದಲ್ಲಿ ವೈದ್ಯೆ ಬೇಕು, ಹಸುಳೆಗೆ ಪೌಷ್ಟಿಕ ಆಹಾರ ಬೇಕು. ಎರಡಕ್ಕೂ ಒಂದೇ ಸುತ್ತೋಲೆ ಸಾಲದು. ಆದರೆ 30 ಸಾವಿರ ಮಹಿಳೆಯರ ಉತ್ತರವನ್ನು 30 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಉಳಿಯುವುದು ಸಾವಿರ ಮಾತ್ರ. ತಾಲೂಕಿನ ಸ್ಥಿತಿಯನ್ನು ಅದು ಹೇಳಲಾರದು. ಅದನ್ನು ಹೇಳಬೇಕಾದದ್ದು ಜನನ ಮರಣ ನೋಂದಣಿ ಮತ್ತು ಆರೋಗ್ಯ ಕೇಂದ್ರದ ದಾಖಲೆ ಪುಸ್ತಕ. ಅವು ಸರಿಯಾಗಿ ತುಂಬಿದಲ್ಲಿ ಮಾತ್ರ ನೀತಿಯು ಊರಿಗೆ ತಲುಪುತ್ತದೆ.

ಇನ್ನು ನಮ್ಮ ಮನೆಯೊಳಗಿನ ಮಾತು. ಧರ್ಮಕೇಂದ್ರದ ಜ್ಞಾನಸ್ನಾನದ ದಾಖಲೆ ಪುಸ್ತಕ ಕರಾವಳಿಯ ಅತ್ಯಂತ ಹಳೆಯ ಜನಸಂಖ್ಯಾ ದಾಖಲೆಗಳಲ್ಲೊಂದು. ಹಿಂದೆ ಕೆಲವೇ ವಾರಗಳಲ್ಲಿ ತುಂಬುತ್ತಿದ್ದ ಪುಟಕ್ಕೆ ಈಗ ತಿಂಗಳುಗಳು ಬೇಕು. ಇದನ್ನು ಕಂಡು ನಮ್ಮಲ್ಲಿ ಹಲವರು ನಿಟ್ಟುಸಿರು ಬಿಡುತ್ತಾರೆ. ಹತ್ತು ಮಕ್ಕಳ ತುಂಬುಮನೆಯನ್ನು ನೆನೆಯುತ್ತಾರೆ. ಕೇರಳದ ಪಾಲಾ ಧರ್ಮಪ್ರಾಂತ್ಯ 2021ರಲ್ಲಿ ಐದು ಮತ್ತು ಹೆಚ್ಚು ಮಕ್ಕಳಿರುವ ಕುಟುಂಬಗಳಿಗೆ ಸಹಾಯಧನ ಪ್ರಕಟಿಸಿದಾಗ ನಮ್ಮಲ್ಲಿಯೂ ಹಾಗೇಕಾಗಬಾರದೆಂದು ಕೇಳಿದವರುಂಟು. ಬಡ ಕುಟುಂಬಕ್ಕೆ ನೆರವಾಗುವುದು ಪುಣ್ಯಕಾರ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಟ್ಟುಸಿರು ಬಿಡುವವರಿಗೆ ನನ್ನದೊಂದು ವಿನಂತಿ. ಜ್ಞಾನಸ್ನಾನದ ಹಳೆಯ ಪುಸ್ತಕವನ್ನು ತೆರೆಯುವಾಗ ಪಕ್ಕದಲ್ಲಿರುವ ಮರಣದ ಪುಸ್ತಕವನ್ನೂ ತೆರೆಯಿರಿ. ಅದೇ ವರ್ಷಗಳಲ್ಲಿ, ಅದೇ ಮನೆತನಗಳ ಹೆಸರಿನ ಮುಂದೆ, ಮೂರು ದಿನದ ಕೂಸು, ಎಂಟು ತಿಂಗಳ ಮಗು, ಹೆರಿಗೆಯಲ್ಲಿ ತೀರಿಕೊಂಡ ತಾಯಿ ಎಂದು ಬರೆದಿರುವುದನ್ನು ಕಾಣುವಿರಿ. ಒಂದು ಪುಸ್ತಕ ಓದಿ ಇನ್ನೊಂದನ್ನು ಮುಚ್ಚಿಡುವುದು ಸತ್ಯಕ್ಕೆ ಮಾಡುವ ಅಪಚಾರ.

1967ರಲ್ಲಿ ಜಗದ್ಗುರು ಆರನೆಯ ಪೌಲರು ಜನಾಂಗಗಳ ಅಭ್ಯುದಯವನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ಮಕ್ಕಳೆಷ್ಟೆಂಬ ತೀರ್ಮಾನ ಕೊನೆಗೂ ತಂದೆತಾಯಿಗಳದೆಂದೂ, ದೇವರ ಮುಂದೆ, ಈಗಾಗಲೇ ಹುಟ್ಟಿದ ಮಕ್ಕಳ ಮುಂದೆ, ಸಮಾಜದ ಮುಂದೆ ಅವರು ಹೊಣೆಗಾರರೆಂದೂ ಬೋಧಿಸಿದರು. ಮರುವರ್ಷದ ವಿಶ್ವಪತ್ರ ಹೊಣೆಗಾರಿಕೆಯ ಪಾಲಕತ್ವವನ್ನು ಇನ್ನಷ್ಟು ವಿವರಿಸಿತು. ಆಪರೇಷನ್ ಕುರಿತು ಧರ್ಮಸಭೆಯ ಬೋಧನೆ ನಮಗೆಲ್ಲ ತಿಳಿದಿದೆ. ಆದರೂ ಮೇಲಿನ ಶೇ. 57ರಲ್ಲಿ ನಮ್ಮ ಮನೆಗಳ ಹೆಂಗಸರೂ ಇದ್ದಾರೆಂಬುದು ಗುರುಗಳಿಗೂ ಗೊತ್ತು, ಗಂಡಂದಿರಿಗೂ ಗೊತ್ತು. ಅವರನ್ನು ದೂರುವ ಮುನ್ನ ನಾವು ಕೇಳಿಕೊಳ್ಳಬೇಕು: ಸಂಯಮದ ಮಾರ್ಗವನ್ನು ನಾವು ಯಾರಿಗೆ ಬೋಧಿಸಿದೆವು? ಮಣಿಸರವನ್ನು ಹೆಂಡತಿಯ ಕೈಗೆ ಕೊಟ್ಟು ಗಂಡನನ್ನು ಸುಮ್ಮನೆ ಬಿಟ್ಟೆವಲ್ಲವೆ? ರಾಮನಗರದ ಪಾಠವನ್ನು ಎಪ್ಪತ್ತು ವರ್ಷಗಳ ಮೇಲೂ ನಾವು ಕಲಿತಿಲ್ಲ. ಸರಕಾರದ ಕೋಷ್ಟಕದಲ್ಲಿರುವ ಆ ಸೊನ್ನೆ ನಮ್ಮ ಮನೆಗಳ ಮೇಲೂ ಬರೆದ ಟೀಕೆ.

ಆದುದರಿಂದ ಸರಕಾರದ ಮುಂದೆ ನಮ್ಮ ಕೋರಿಕೆ ಇಷ್ಟೆ. ಕಡಿಮೆ ಹೆರಿ ಎಂಬ ಗುರಿ ತಪ್ಪಾಗಿದ್ದರೆ ಹೆಚ್ಚು ಹೆರಿ ಎಂಬ ಗುರಿಯೂ ತಪ್ಪೇ. ಎರಡರಲ್ಲಿಯೂ ತಾಯಿ ಸಾಧನ ಮಾತ್ರ. ಸಮೀಕ್ಷೆಯ ಎಲ್ಲ ಸಾಲುಗಳನ್ನೂ ಓದಿ, ಪ್ರತಿ ಜಿಲ್ಲೆಗೂ ಅದರದೇ ಆರೋಗ್ಯ ಯೋಜನೆ ರೂಪಿಸಲಿ. ತಾಯಂದಿರ ರಕ್ತಹೀನತೆಗೆ 1.7ಕ್ಕೆ ದೊರೆತಷ್ಟೇ ಗಮನ ದೊರೆಯಲಿ. ನಮ್ಮ ಧರ್ಮಕೇಂದ್ರಗಳಿಗೂ ಕೆಲಸವಿದೆ. ಗಣತಿದಾರರು, ಸಮೀಕ್ಷಕಿಯರು ಬಂದಾಗ ಬಾಗಿಲು ತೆರೆದು ಸತ್ಯವನ್ನೇ ಹೇಳೋಣ. ಜನನವನ್ನು 21 ದಿನಗಳೊಳಗೆ ನೋಂದಾಯಿಸೋಣ. ವಿವಾಹ ಸಿದ್ಧತಾ ಶಿಬಿರಗಳಲ್ಲಿ ವರನಿಗೆ ಹೆಂಡತಿಯ ಆರೋಗ್ಯದ ಪಾಠ ಕಡ್ಡಾಯವಾಗಲಿ. ನಮ್ಮ ಆಸ್ಪತ್ರೆಗಳು ತಮ್ಮಲ್ಲಿ ನಡೆಯುವ ಸಿಸೇರಿಯನ್ ಹೆರಿಗೆಗಳ ಲೆಕ್ಕವನ್ನು ತಾವೇ ಪ್ರಾಮಾಣಿಕವಾಗಿ ಪರೀಕ್ಷಿಸಲಿ. ವಾರ್ಡುವಾರ್ಡಿನ ಗುರಿಕಾರರು ಒಂಟಿ ವೃದ್ಧರ ಪಟ್ಟಿ ಮಾಡಲಿ. ಪಟ್ಟಿ ಮಾಡಿದ ಮೇಲೆ ಅವರ ಮನೆಗೆ ಹೋಗಲಿ.

ಕುರಿಗಾಹಿಯು ತೊಂಬತ್ತೊಂಬತ್ತು ಎಂಬ ಲೆಕ್ಕವನ್ನು ಬರೆದಿಟ್ಟು ಮಲಗಲಿಲ್ಲ. ಲೆಕ್ಕ ಮುಗಿದಲ್ಲಿಂದ ಅವನ ನಡಿಗೆ ಆರಂಭವಾಯಿತು.